ತೊಗರಿ ದುಡ್ಡು ಜನವರಿಗೆ, ಶಾಲೆ ಫೀಸು ಜೂನ್‌ಗೆ: ನಡುವಿನ ಐದು ತಿಂಗಳು ದಾಟುವುದು ಹೇಗೆ

ನಾನು ಕಲಬುರಗಿಯ ಮಾರುಕಟ್ಟೆ ನೆಹರೂ ಗಂಜ್‌ನಲ್ಲಿ ಒಂದು ಅಡತಿ ಅಂಗಡಿಯ (ರೈತರ ಮಾಲು ಕಮಿಷನ್ ಮೇಲೆ ಮಾರಿಸಿಕೊಡುವ ಅಂಗಡಿ) ಮುನೀಮ. ಹತ್ತೊಂಬತ್ತು ವರ್ಷದಿಂದ ಇನ್ನೊಬ್ಬರ ದುಡ್ಡಿನ ಲೆಕ್ಕ ಬರೆಯುತ್ತಾ ಬಂದಿದ್ದೇನೆ. ಜನವರಿಯಲ್ಲಿ ನಮ್ಮ ಅಂಗಡಿ ಮುಂದೆ ಕಾಲಿಡಲು ಜಾಗ ಇರುವುದಿಲ್ಲ, ಎಲ್ಲಿ ನೋಡಿದರೂ ತೊಗರಿ ಚೀಲ. ರೈತರು ತೂಕ ಮುಗಿಸಿ, ಪಟ್ಟಿ ಮಾಡಿಸಿ, ದುಡ್ಡು ಎರಡೆರಡು ಸಲ ಎಣಿಸಿ, ಒಳಜೇಬಿಗೆ ಇಟ್ಟು, ಚಾ ಕುಡಿದು ಊರಿಗೆ ಹೋಗುತ್ತಾರೆ. ಅವರಲ್ಲೇ ಎಷ್ಟೋ ಜನ ಜೂನ್ ಮೊದಲ ವಾರ ಮತ್ತೆ ಬರುತ್ತಾರೆ. ಆಗ ಗಾಡಿ ಇಲ್ಲ, ಚೀಲ ಇಲ್ಲ. ಕಟ್ಟೆ ಮೇಲೆ ಕೂತು ಮಳೆ ಬಗ್ಗೆ ಎರಡು ಮಾತಾಡಿ, ಆಮೇಲೆ ದನಿ ಇಳಿಸಿ ಕೇಳುತ್ತಾರೆ: "ಮುನೀಮ್ರ, ಸಾವಕಾರ್ರು ಅದಾರೇನ್ರಿ? ಹುಡುಗನ ಫೀಸ್ ಕಟ್ಟಬೇಕಾಗ್ಯಾದ."

ಬಡ್ಡಿ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ. ಕೇಳಲು ಸಣ್ಣದು. 40,000 ತಗೊಂಡರೆ ತಿಂಗಳಿಗೆ 800. ಮುಂದಿನ ತೊಗರಿ ಬರುವಷ್ಟರಲ್ಲಿ ಎಂಟು ತಿಂಗಳು, 6,400 ರೂಪಾಯಿ. ನನ್ನ ಮಗನ ಶಾಲೆ ವ್ಯಾನಿಗೆ ತಿಂಗಳಿಗೆ 1,400 ಕೊಡುತ್ತೇನೆ. ಆ ಬಡ್ಡಿಯಲ್ಲಿ ನಾಲ್ಕೂವರೆ ತಿಂಗಳು ವ್ಯಾನು ಓಡುತ್ತಿತ್ತು.

ಇದನ್ನು ಬೇರೆಯವರಿಗೆ ಹೇಳುವ ಯೋಗ್ಯತೆ ನನಗಿಲ್ಲ ಅಂತ ಗೊತ್ತಾದದ್ದು 2019ರ ಜೂನ್‌ನಲ್ಲಿ. ಆಳಂದ ತಾಲ್ಲೂಕಿನಲ್ಲಿ ನಮಗೂ ನಾಲ್ಕು ಎಕರೆ ಹೊಲ ಇದೆ. ತೊಗರಿ ದುಡ್ಡು ಬಂದಿತ್ತು, ಖರ್ಚೂ ಆಗಿತ್ತು. ಮಗಳ ಫೀಸಿಗೆ ನಮ್ಮ ಸಾವಕಾರರ ಹತ್ತಿರವೇ 30,000 ಕೇಳಿದೆ. ಕೊಟ್ಟರು. ಖಿರ್ದಿ, ಅಂದರೆ ಲೆಕ್ಕದ ಪುಸ್ತಕ, ಬರೆಯುವವನು ನಾನೇ ಅಲ್ವಾ? ನನ್ನ ಹೆಸರಿನ ಮುಂದೆ ಉದ್ರಿ ಅಂತ ನನ್ನ ಕೈಯಿಂದಲೇ ಬರೆದೆ. ಮನೆಗೆ ಬಂದು ಹೆಂಡತಿಗೆ ಹೇಳಿದಾಗ ಅವಳು ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಜನವರಿದಾಗ ನಮ್ ಬಲ್ಲಿ ರೊಕ್ಕ ಇತ್ತಲ್ರಿ. ಎಲ್ಲಿ ಹೋಯ್ತು?" ಅಂದಳು.

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಮನೆಯಲ್ಲಿ ಶುರುವಾದ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಸಂಬಳ, ಸ್ವಲ್ಪ ಹೊಲ ಇರುವ ಮನೆಗಳಿಗೆ ಇದು ನೇರವಾಗಿ ಹೊಂದುತ್ತದೆ. ಬರೀ ಸಂಬಳದವರು ತೊಗರಿ ಅಂತ ಇದ್ದಲ್ಲಿ ಬೋನಸ್ ಅಂತ ಓದಿಕೊಂಡರೆ ಆಯಿತು.

ಮೊದಲು ಪೂರ್ತಿ ಖರ್ಚು ಬರೆಯಿರಿ

ಮಗನ ಶಾಲೆಗೆ ಎಷ್ಟಾಗುತ್ತದೆ ಅಂತ ಯಾರಾದರೂ ಕೇಳಿದರೆ 38,000 ಅಂತಿದ್ದೆ. ಸುಳ್ಳಲ್ಲ, ರಶೀದಿ ಇದೆ. ಆದರೆ ಒಂದು ಭಾನುವಾರ ಕೂತು, ಹಿಂದಿನ ವರ್ಷ ಅವನ ಶಾಲೆಯ ಹೆಸರಲ್ಲಿ ಕೈಬಿಟ್ಟು ಹೋದದ್ದನ್ನೆಲ್ಲ ಬರೆದೆವು.

ನೆನಪಿನಿಂದ ಬರೆಯಲು ಹೋಗಬೇಡಿ, ಅರ್ಧ ಮರೆತಿರುತ್ತೀರಿ. ಶಾಲೆಯ ವಾಟ್ಸಾಪ್ ಗ್ರೂಪ್ ತೆರೆದು ಹೋದ ಜೂನ್‌ನಿಂದ ಒಂದೊಂದೇ ಮೆಸೇಜ್ ನೋಡುತ್ತಾ ಬನ್ನಿ. ನಾಳೆ ಹಳದಿ ಟೀ ಶರ್ಟ್ ಹಾಕಿಸಿ, ಪ್ರಾಜೆಕ್ಟ್‌ಗೆ ಥರ್ಮಾಕೋಲ್ ಕಳಿಸಿ, ಗ್ಯಾದರಿಂಗ್ ಡ್ರೆಸ್‌ಗೆ 650 ಕೊಡಿ. ಎಲ್ಲ ಅಲ್ಲೇ ಬಿದ್ದಿರುತ್ತದೆ. ಪಕ್ಕದಲ್ಲಿ ಫೋನ್‌ಪೇ ಹಿಸ್ಟರಿ ಇಟ್ಟುಕೊಳ್ಳಿ. ನಾವು ಮಗಳ ಹಳೇ ಶಾಲೆ ಡೈರಿಯ ಖಾಲಿ ಹಾಳೆಗಳಲ್ಲಿ ಬರೆದೆವು. ಅದೇ ಡೈರಿ ಈಗಲೂ ನಮ್ಮ ಮನೆ ಖಿರ್ದಿ.

ನಾಲ್ಕನೇ ಕ್ಲಾಸಿನ ಹುಡುಗನಿಗೆ ಬಂದ ಲೆಕ್ಕ ಇದು. ಫೀಸು 38,000. ವ್ಯಾನು ಹತ್ತು ತಿಂಗಳಿಗೆ 14,000. ಪುಸ್ತಕ, ನೋಟ್‌ಬುಕ್ಕು 5,200. ಯೂನಿಫಾರ್ಮು ಎರಡು ಜೊತೆ, ಕರಿ ಬೂಟು, ಬಿಳಿ ಬೂಟು 4,300. ಟ್ಯೂಷನ್ 8,000. ಗ್ಯಾದರಿಂಗು, ಟೂರು, ಪ್ರಾಜೆಕ್ಟು, ಹುಟ್ಟುಹಬ್ಬಕ್ಕೆ ಕ್ಲಾಸಿಗೆಲ್ಲ ಹಂಚುವ ಚಾಕಲೇಟು ಸೇರಿ 3,500. ಒಟ್ಟು 73,000. ಹೆಂಡತಿ ಎರಡು ಸಲ ಕೂಡಿಸಿದಳು. ಮುನೀಮನ ಲೆಕ್ಕದ ಮೇಲೆ ಅವಳಿಗೆ ನಂಬಿಕೆ ಇಲ್ಲ ಅಂತಲ್ಲ, ಆ ಸಂಖ್ಯೆ ಮೇಲೆ ನಂಬಿಕೆ ಬರಲಿಲ್ಲ.

ಈ ಲೆಕ್ಕ ಬರೆಯುವಾಗಲೇ ಪಕ್ಕದಲ್ಲಿ ಇನ್ನೊಂದು ಕಾಲಂ ಹಾಕಿ: ಯಾವ ತಿಂಗಳು ಕೊಟ್ಟಿರಿ? ನನ್ನ ಪ್ರಕಾರ ಮೊತ್ತಕ್ಕಿಂತ ಈ ಕಾಲಮ್ಮೇ ಮುಖ್ಯ. ನಮ್ಮಲ್ಲಿ ಫೀಸು ಎರಡು ಕಂತು, ಜೂನ್‌ಗೆ 23,000, ನವೆಂಬರ್‌ಗೆ 15,000. ಜೂನ್ ಕಂತಿಗೆ ಪುಸ್ತಕ, ಯೂನಿಫಾರ್ಮು, ಮೊದಲ ತಿಂಗಳ ವ್ಯಾನು ಸೇರಿಸಿದರೆ 33,900. ಅಂದರೆ ವರ್ಷದ ಖರ್ಚಿನಲ್ಲಿ ಅರ್ಧದ ಹತ್ತಿರ ಒಂದೇ ತಿಂಗಳಲ್ಲಿ ಹೋಗುತ್ತದೆ. ಅದೂ ಒಬ್ಬ ಹುಡುಗನಿಗೆ. ನಮ್ಮ ಕಡೆ ಜೂನ್ ಅಂದರೆ ಬಿತ್ತನೆಯೂ ಹೌದು. ಬೀಜ, ಗೊಬ್ಬರ, ಫೀಸು ಮೂರೂ ಒಂದೇ ಬಾಗಿಲಲ್ಲಿ ನಿಂತಿರುತ್ತವೆ.

ಇನ್ನೊಂದು ಲೆಕ್ಕ. ಶಾಲೆ ಸೇರಿಸುವಾಗ ಈ ವರ್ಷದ ಫೀಸು ನೋಡಿ ಒಪ್ಪಿಕೊಳ್ಳುತ್ತೇವೆ. ವರ್ಷಕ್ಕೆ ನೂರಕ್ಕೆ ಹತ್ತರಂತೆ ಏರಿದರೆ ಏಳು ವರ್ಷಕ್ಕೆ ಹತ್ತಿರಹತ್ತಿರ ದುಪ್ಪಟ್ಟು. ನಮ್ಮ 73,000 ಅವನು ಹತ್ತನೇ ಕ್ಲಾಸಿಗೆ ಬರುವಾಗ 1,29,000 ದಾಟುತ್ತದೆ. ನಿಮ್ಮ ಶಾಲೆಯಲ್ಲಿ ಹೋದ ಮೂರು ವರ್ಷ ಎಷ್ಟೆಷ್ಟು ಏರಿತು ಅಂತ ಮೇಲಿನ ಕ್ಲಾಸಿನ ಮಕ್ಕಳ ತಂದೆ-ತಾಯಿಯನ್ನು ಕೇಳಿ. ಆಫೀಸಿನಲ್ಲಿ ಕೇಳಿದರೆ ನಗುತ್ತಾರೆ, ಅಷ್ಟೇ. ಡೊನೇಷನ್ ಅಂತ ರಶೀದಿ ಇಲ್ಲದೆ ಕೇಳಿದರೆ ಕೊಡಬೇಡಿ. ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಯ 13ನೇ ಕಲಂ ಪ್ರಕಾರ ಅದು ತಪ್ಪು.

ಪೂರ್ತಿ ಲೆಕ್ಕ ಬರೆದದ್ದರಿಂದ ಒಂದು ಖರ್ಚು ತಾನಾಗಿ ಇಳಿಯಿತು. ಟ್ಯೂಷನ್. ಅವನಿಗೆ ಟ್ಯೂಷನ್ ಹಾಕಿದ್ದು ಓದಿನಲ್ಲಿ ಹಿಂದೆ ಅಂತ ಅಲ್ಲ, ಇಂಗ್ಲಿಷ್ ಪುಸ್ತಕ ನಮಗಿಬ್ಬರಿಗೂ ಹೇಳಿಕೊಡಲು ಬರುವುದಿಲ್ಲ ಅಂತ. ಈಗ ಅಕ್ಕನೇ ಹೇಳಿಕೊಡುತ್ತಾಳೆ. ಸುಮ್ನೆ ಅಲ್ಲ, ತಿಂಗಳಿಗೆ 300 ತಗೊಳ್ಳುತ್ತಾಳೆ. ಎಂಟು ಸಾವಿರದ ಜಾಗದಲ್ಲಿ ಮೂರು ಸಾವಿರ, ಅದೂ ಮನೆಯಲ್ಲೇ ಉಳಿಯುತ್ತದೆ.

ದುಡ್ಡು ಬಂದ ದಿನವೇ ಜೂನ್ ಪಾಲು ಬೇರೆ ಮಾಡಿ

ಜನವರಿಯಿಂದ ಜೂನ್‌ವರೆಗಿನ ದಾರಿಯಲ್ಲಿ ಎರಡು ದೊಡ್ಡ ಹಳ್ಳ ಬರುತ್ತವೆ. ಒಂದು, ಶರಣಬಸವೇಶ್ವರ ಜಾತ್ರೆ. ಹೋಳಿ ಆದ ಐದನೇ ದಿನ ತೇರು. ನೆಂಟರು ಬರುತ್ತಾರೆ, ಮಕ್ಕಳಿಗೆ ಆಟಿಕೆ, ಬೆಂಡು-ಬೆತ್ತಾಸು, ಜೋಕಾಲಿ. ಜಾತ್ರೆಗೆ ಬಂದವರನ್ನು ಬರಿಗೈಲಿ ಕಳಿಸಲು ಆಗುತ್ತದಾ? ಇನ್ನೊಂದು, ಲಗ್ನ. ಏಪ್ರಿಲ್, ಮೇನಲ್ಲಿ ವಾರಕ್ಕೊಂದು ಕಾರ್ಡು. ಆಯೇರಿ (ಉಡುಗೊರೆ) ಮಾಡಬೇಕು, ಮಕ್ಕಳಿಗೆ ಬಟ್ಟೆ ತೆಗೆಯಬೇಕು. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಡತಿಯ ಬಸ್ ಖರ್ಚು ಉಳಿಯುತ್ತದೆ ಅಂತ ಖುಷಿಪಟ್ಟಿದ್ದೆ. ಬಸ್ ಖರ್ಚು ಉಳಿಯಿತು, ಹೋಗುವ ಲಗ್ನಗಳು ಜಾಸ್ತಿ ಆದವು.

"ಎಲ್ಲಿ ಹೋಯ್ತು" ಅಂತ ಅವಳು ಕೇಳಿದ್ದಕ್ಕೆ ಉತ್ತರ ಇದೇ. ದುಂದು ಮಾಡಿರಲಿಲ್ಲ. ಕೈಯಲ್ಲಿ ಇತ್ತು, ಯಾವ ಖರ್ಚು ಮೊದಲು ಬಂತೋ ಅದಕ್ಕೆ ಹೋಯಿತು. ಫೀಸು ಕೊನೆಗೆ ಬಂತು.

ಈಗ ನಾವು ಮಾಡುವುದು ಇಷ್ಟು. ತೊಗರಿ ದುಡ್ಡು ಖಾತೆಗೆ ಬಂದ ದಿನವೇ ಡೈರಿ ತೆಗೆದು ಜೂನ್ ತಿಂಗಳ ಮೊತ್ತ ನೋಡುತ್ತೇವೆ. ಅದರ ಮೇಲೆ ನೂರಕ್ಕೆ ಹತ್ತು ಸೇರಿಸುತ್ತೇವೆ. ಅಷ್ಟನ್ನು ಎಫ್‌ಡಿ ಮಾಡಿಸುತ್ತೇವೆ. ಮೇ ಕೊನೆಯ ವಾರಕ್ಕೆ ಮುಗಿಯುವ ಹಾಗೆ ದಿನ ಎಣಿಸಿ ಹೇಳಿದರೆ ಬ್ಯಾಂಕಿನಲ್ಲಿ ಮಾಡಿಕೊಡುತ್ತಾರೆ. ಒಂದೇ ಎಫ್‌ಡಿ ಬೇಡ, ಮಗನದೊಂದು, ಮಗಳದೊಂದು ಬೇರೆ ಬೇರೆ ಮಾಡಿಸಿ. ನಡುವೆ ಏನಾದರೂ ಬಂದು ಒಂದನ್ನು ಮುರಿಯಬೇಕಾದರೂ ಇನ್ನೊಂದು ಉಳಿಯುತ್ತದೆ.

ನಾಲ್ಕೈದು ತಿಂಗಳ ಎಫ್‌ಡಿಗೆ ಬಡ್ಡಿ ಎಷ್ಟು ಬಂದೀತು? 60,000ಕ್ಕೆ ಸಾವಿರದ ಮೇಲೆ ಚಿಲ್ಲರೆ. ನಾನು ಅದಕ್ಕಾಗಿ ಇಡುವುದಿಲ್ಲ. ಏಪ್ರಿಲ್‌ನಲ್ಲಿ ಸೋದರಮಾವ ಬಂದು "ಒಂದ್ ಇಪ್ಪತ್ತು ಸಾವಿರ ಇದ್ರ ಕೊಡಪ್ಪ" ಅಂದಾಗ "ಎಫ್‌ಡಿದಾಗ ಹಾಕೀನಿ ಮಾಮಾ" ಅನ್ನಲು ಬರುತ್ತದೆ. ಉಳಿತಾಯ ಖಾತೆಯಲ್ಲಿದ್ದರೆ ಆ ಮಾತು ಬಾಯಿಂದ ಬರುವುದಿಲ್ಲ, ನನಗಂತೂ ಬರುವುದಿಲ್ಲ.

ಎಲ್ಲಿ ಇಡುತ್ತೀರಿ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಬ್ಯಾಂಕ್ ಮುಳುಗಿದರೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಸಹಕಾರಿ ಬ್ಯಾಂಕಿಗೂ ಇದೆ. ಪತ್ತಿನ ಸಹಕಾರ ಸಂಘಗಳಿಗೆ ಇಲ್ಲ. ಎರಡರ ಬೋರ್ಡೂ ಒಂದೇ ಥರ ಕಾಣುತ್ತದೆ, ಒಂದು ಪರ್ಸೆಂಟ್ ಬಡ್ಡಿ ಜಾಸ್ತಿ ಅಂತ ಜನ ಸಂಘಕ್ಕೆ ಹೋಗುತ್ತಾರೆ. ಬೇರೆ ದುಡ್ಡು ಏನಾದರೂ ಮಾಡಿ, ಫೀಸಿನ ದುಡ್ಡು ಅಲ್ಲಿ ಬೇಡ.

ಜೂನ್‌ನ ಬೀಜ-ಗೊಬ್ಬರಕ್ಕೆ ಇನ್ನೊಂದು ಮಾತು. ನಮ್ಮ ರಾಜ್ಯದಲ್ಲಿ ಸಹಕಾರ ಸಂಘದ ಬೆಳೆಸಾಲ ಸಮಯಕ್ಕೆ ಕಟ್ಟುವವರಿಗೆ ಬಡ್ಡಿ ಇಲ್ಲದೆ ಸಿಗುತ್ತದೆ. ಗಂಜ್‌ನಲ್ಲಿ ನಾನು ನೋಡುವುದು ಉಲ್ಟಾ. ಬೆಳೆಸಾಲ ಎತ್ತಿ ಲಗ್ನಕ್ಕೆ ಹಾಕುತ್ತಾರೆ, ಗೊಬ್ಬರ ಉದ್ರಿ ತರುತ್ತಾರೆ, ಫೀಸಿಗೆ ನಮ್ಮ ಕಟ್ಟೆಗೆ ಬರುತ್ತಾರೆ. ಬಡ್ಡಿ ಇಲ್ಲದ ಸಾಲವನ್ನು ಹೊಲಕ್ಕೇ ಹಾಕಿದರೆ ಕೈಯಲ್ಲಿನ ದುಡ್ಡು ಮಕ್ಕಳಿಗೆ ಉಳಿಯುತ್ತದೆ. ಬೆಳೆ ವಿಮೆಯನ್ನೂ ಬಿಡಬೇಡಿ. ಮುಂಗಾರು ಬೆಳೆಗೆ ರೈತ ಕಟ್ಟುವುದು ವಿಮಾ ಮೊತ್ತದ ನೂರಕ್ಕೆ ಎರಡು ಮಾತ್ರ. ನಮ್ಮ ಮನೆ ಡೈರಿಯಲ್ಲಿ ಅದನ್ನು ಹೊಲದ ಖರ್ಚಿನಲ್ಲಿ ಬರೆಯುವುದಿಲ್ಲ, ಮಕ್ಕಳ ಪುಟದಲ್ಲಿ ಬರೆಯುತ್ತೇವೆ.

ಕೆಟ್ಟ ವರ್ಷದ ರೇಟಿಗೆ ಶಾಲೆ ಆರಿಸಿ

2024ರ ಜನವರಿಯಲ್ಲಿ ತೊಗರಿ ರೇಟು ಕ್ವಿಂಟಲಿಗೆ ಹತ್ತು ಸಾವಿರದ ಹತ್ತಿರ ಓಡಾಡಿತು. ಆ ದಿನಗಳಲ್ಲಿ ಗಂಜ್‌ನ ಗಾಳಿಯೇ ಬೇರೆ ಇತ್ತು. ನನ್ನ ತಮ್ಮನಿಗೆ ಹತ್ತು ಎಕರೆ, ನಲವತ್ತು ಕ್ವಿಂಟಲ್ ಬಂತು. "ಅಣ್ಣಾ, ಹುಡುಗರನ್ನ ಕಲಬುರಗಿಗಿ ತರ್ತೀನಿ. ಎಷ್ಟ್ ದಿನ ಹಳ್ಳಿ ಸಾಲಿದಾಗ ಇಡ್ಲಿ?" ಅಂದ. ಇಬ್ಬರನ್ನೂ ತಂದು ತಲೆಗೆ 70,000 ಫೀಸಿನ ಶಾಲೆಗೆ ಹಾಕಿದ. ನಾನೂ ಬೇಡ ಅನ್ನಲಿಲ್ಲ. ಮುಂದಿನ ಜನವರಿಗೆ ರೇಟು ಏಳು ಸಾವಿರಕ್ಕೆ ಬಂತು. ಆ ವರ್ಷದ ಬೆಂಬಲ ಬೆಲೆಯೇ 7,550. ಕ್ವಿಂಟಲಿಗೆ ಎರಡೂವರೆ ಸಾವಿರ ಕಮ್ಮಿ ಅಂದರೂ ನಲವತ್ತು ಕ್ವಿಂಟಲಿಗೆ ಒಂದು ಲಕ್ಷ ಕಮ್ಮಿ. ಫೀಸು ಮಾತ್ರ ಏರಿತ್ತು.

ಹಳ್ಳಿ ಶಾಲೆಗೇ ವಾಪಸ್ ಹಾಕಬಾರದಾ ಅಂತ ಕೇಳಿದೆ. "ಸಾಲಿ ಬಿಡ್ಸೋದಂದ್ರ ಎತ್ತು ಮಾರಿದಂಗ ಅಲ್ಲ ಅಣ್ಣಾ. ಹುಡುಗ ಮಾರಿ ಸಣ್ಣದ್ ಮಾಡ್ಕೊಂತಾನ" ಅಂದ. ಸರಿಯಾದ ಮಾತು. ಶಾಲೆ ಅನ್ನುವುದು ಹತ್ತು-ಹನ್ನೆರಡು ವರ್ಷದ ಒಪ್ಪಂದ. ಅದನ್ನು ಒಳ್ಳೇ ವರ್ಷದ ಹುಮ್ಮಸ್ಸಿನಲ್ಲಿ ಮಾಡಿಕೊಳ್ಳಬಾರದು. ಹಿಂದಿನ ಐದು ವರ್ಷದಲ್ಲಿ ನಿಮ್ಮ ಹೊಲಕ್ಕೆ ಬಂದ ಅತಿ ಕಡಿಮೆ ಇಳುವರಿ ಬರೆಯಿರಿ, ಅತಿ ಕಡಿಮೆ ರೇಟಿನಿಂದ ಗುಣಿಸಿ, ಖರ್ಚು ಕಳೆಯಿರಿ, ವರ್ಷದ ಸಂಬಳ ಸೇರಿಸಿ. ಆ ದುಡ್ಡಿನಲ್ಲಿ ಮನೆ ನಡೆದು ಫೀಸೂ ಕಟ್ಟಲು ಆಗುತ್ತದೆ ಅಂದರೆ ಆ ಶಾಲೆ ನಿಮ್ಮದು. 2022ರಲ್ಲಿ ನೆಟೆ ರೋಗ ಬಂದಾಗ ಜಿಲ್ಲೆಯ ಎಷ್ಟೋ ಕಡೆ ತೊಗರಿ ನಿಂತಲ್ಲೇ ಒಣಗಿತು. ನಮ್ಮ ನಾಲ್ಕು ಎಕರೆಯಲ್ಲಿ ಹದಿನಾರು ಕ್ವಿಂಟಲ್ ಬರುವಲ್ಲಿ ಐದು ಬಂತು. ನನ್ನ ಲೆಕ್ಕದ ಕೆಟ್ಟ ವರ್ಷ ಅದೇ.

ತಮ್ಮನ ವಿಷಯದಲ್ಲಿ ಇನ್ನೊಂದು ನಷ್ಟ ಆಯಿತು, ಅದು ನಮಗೆ ಗೊತ್ತಾದದ್ದು ತಡವಾಗಿ. ನವೋದಯ ವಿದ್ಯಾಲಯಕ್ಕೆ ಐದನೇ ಕ್ಲಾಸಿನಲ್ಲಿದ್ದಾಗ ಪರೀಕ್ಷೆ ಬರೆಯಬೇಕು. ಅಲ್ಲಿ ನೂರಕ್ಕೆ 75 ಸೀಟು ಗ್ರಾಮೀಣ ಮಕ್ಕಳಿಗೆ. ಆ ಲಾಭ ಬೇಕಾದರೆ ಮೂರು, ನಾಲ್ಕು, ಐದನೇ ಕ್ಲಾಸು ಹಳ್ಳಿ ಶಾಲೆಯಲ್ಲೇ ಓದಿರಬೇಕು. ತಮ್ಮ ತನ್ನ ದೊಡ್ಡ ಮಗನನ್ನು ನಾಲ್ಕನೇ ಕ್ಲಾಸಿಗೆ ನಗರಕ್ಕೆ ತಂದ. ಫೀಸು ಕೊಟ್ಟು ಆ ಹಕ್ಕು ಕಳೆದುಕೊಂಡ ಹಾಗೆ ಆಯಿತು. ನವೋದಯದಲ್ಲಿ ಎಂಟನೇ ಕ್ಲಾಸಿನವರೆಗೆ ಫೀಸೇ ಇಲ್ಲ, ಊಟ, ವಸತಿ ಅಲ್ಲೇ. ಒಂಬತ್ತರಿಂದ ತಿಂಗಳಿಗೆ 600, ಅದರಲ್ಲೂ ಹುಡುಗಿಯರಿಗೆ, ಎಸ್‌ಸಿ, ಎಸ್‌ಟಿ ಮತ್ತು ಬಡತನ ರೇಖೆಗಿಂತ ಕೆಳಗಿನವರಿಗೆ ವಿನಾಯಿತಿ. ಆದರ್ಶ ವಿದ್ಯಾಲಯ, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿಗೂ ಆರನೇ ಕ್ಲಾಸಿಗೇ ಪ್ರವೇಶ. ಸೀಟು ಸಿಕ್ಕೇ ಸಿಗುತ್ತದೆ ಅಂತ ಅಲ್ಲ. ಆದರೆ ಮಗು ಎರಡನೇ ಕ್ಲಾಸಿನಲ್ಲಿರುವಾಗಲೇ ಇದನ್ನೆಲ್ಲ ಡೈರಿಯಲ್ಲಿ ಬರೆದಿಟ್ಟುಕೊಂಡವರಿಗೆ ಒಂದು ದಾರಿ ಜಾಸ್ತಿ ಇರುತ್ತದೆ.

ಭಿಶಿ ಸರದಿ ಮೇ ತಿಂಗಳಿಗೆ

ಇದು ನನ್ನ ಬುದ್ಧಿ ಅಲ್ಲ, ಹೆಂಡತಿಯದು. ಅವಳು ಜೋಳದ ರೊಟ್ಟಿ ಬಡಿದು ಒಂದು ಖಾನಾವಳಿಗೆ ಕೊಡುತ್ತಾಳೆ. ಗೃಹಲಕ್ಷ್ಮಿಯ 2,000 ರೂಪಾಯಿಯೂ ಅವಳ ಖಾತೆಗೇ ಬರುತ್ತದೆ. ಓಣಿಯ ಹತ್ತು ಜನ ಹೆಣ್ಣುಮಕ್ಕಳು ತಿಂಗಳಿಗೆ 2,000ದ ಭಿಶಿ (ಕೈಚೀಟಿ) ಹಾಕುತ್ತಾರೆ. ಮೊದಲು ಚೀಟಿ ಎತ್ತುತ್ತಿದ್ದರು, ಯಾರ ಹೆಸರು ಬಂತೋ ಅವರಿಗೆ 20,000. ಒಂದು ವರ್ಷ ಹೆಂಡತಿಗೆ ಸೆಪ್ಟೆಂಬರ್‌ನಲ್ಲಿ ಬಂತು. ಕೈಗೆ ಬಂದದ್ದು ಫ್ರಿಜ್ ಆಯಿತು.

ಮುಂದಿನ ಸಲ ಶುರುವಿನಲ್ಲೇ ಅವಳು ಹೇಳಿದಳು: ಚೀಟಿ ಬ್ಯಾಡ, ಯಾರಿಗೆ ಯಾವಾಗ ಬೇಕೋ ಮಾತಾಡಿ ಬರಕೊಳ್ಳೋಣ. ಸಾಲಿ ಹುಡುಗರು ಇದ್ದವರು ಏಪ್ರಿಲ್, ಮೇ, ಜೂನ್ ತಗೊಂಡರು. ಬಾಣಂತನ ಇದ್ದವಳು ತನ್ನ ತಿಂಗಳು ಹೇಳಿದಳು. ಹಬ್ಬಕ್ಕೆ ಬೇಕಾದವರು ದೀಪಾವಳಿ, ರಂಜಾನ್ ನೋಡಿಕೊಂಡರು. ಹಾಕುವ ದುಡ್ಡು ಅಷ್ಟೇ, ಸಿಗುವ ದುಡ್ಡು ಅಷ್ಟೇ. ನಮ್ಮ ಮನೆಗೆ ಮೇ ತಿಂಗಳಲ್ಲಿ 20,000 ಬರುತ್ತದೆ, ಜೂನ್‌ನಲ್ಲಿ ಶಾಲೆಗೆ ಹೋಗುತ್ತದೆ. ಇಂಥದ್ದು ಒಂದೇ ಓಣಿಯ, ಮುಖ ಗೊತ್ತಿರುವ ಹತ್ತು-ಹನ್ನೆರಡು ಜನರ ನಡುವೆ ಮಾತ್ರ ಮಾಡಿ. ಲಕ್ಷಗಟ್ಟಲೆಯ ಹರಾಜಿನ ಚೀಟಿಗೆ ಸೇರುವುದಾದರೆ 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿ ಆಗಿದೆಯಾ ಅಂತ ಕಾಗದ ನೋಡಿಯೇ ಸೇರಿ.

ಮಗಳು, ಮತ್ತು ನಾನು ಕಳೆದ 20,000

ಮಗಳ ಹೆಸರಿಗೆ 2016ರಲ್ಲಿ ಪೋಸ್ಟ್ ಆಫೀಸಿನಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆರೆದೆ. ಆಗ ಅವಳಿಗೆ ಆರು ವರ್ಷ. ಹತ್ತು ವರ್ಷ ತುಂಬುವ ಮೊದಲು ತೆರೆಯಬೇಕು. ವರ್ಷಕ್ಕೆ ಕನಿಷ್ಠ 250, ಗರಿಷ್ಠ ಒಂದೂವರೆ ಲಕ್ಷ ಹಾಕಬಹುದು. ಹದಿನೈದು ವರ್ಷ ಕಟ್ಟಬೇಕು, ತೆರೆದ ದಿನದಿಂದ ಇಪ್ಪತ್ತೊಂದು ವರ್ಷಕ್ಕೆ ಮುಗಿಯುತ್ತದೆ. ಬಡ್ಡಿಯನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ನಿಗದಿ ಮಾಡುತ್ತದೆ. 2024ರ ಜನವರಿಯಲ್ಲಿ ನೂರಕ್ಕೆ 8.2 ಮಾಡಿತು. ಐದನೇ ತಾರೀಖಿನ ಒಳಗೆ ಕಟ್ಟಿ. ಆರನೇ ತಾರೀಖಿಗೆ ಕಟ್ಟಿದರೆ ಆ ತಿಂಗಳ ಬಡ್ಡಿ ಸಿಗುವುದಿಲ್ಲ.

ನಾನು ವರ್ಷಕ್ಕೆ 12,000 ಹಾಕುತ್ತಾ ಬಂದೆ. ನೆಟೆ ರೋಗದ ವರ್ಷ ಮಾತ್ರ ಹಾಕಲು ಆಗಲಿಲ್ಲ. ಖಾತೆ ಸತ್ತೇ ಹೋಯಿತೇನೋ ಅಂತ ಹೆದರಿದ್ದೆ. ಮರುವರ್ಷ ಆ ವರ್ಷದ 250, ಅದಕ್ಕೆ 50 ದಂಡ ಕಟ್ಟಿದೆ, ಮತ್ತೆ ಚಾಲೂ ಆಯಿತು. ಈಗ 1,70,000ದ ಆಸುಪಾಸು ಇದೆ. ಮಗಳಿಗೆ ಹದಿನೆಂಟು ತುಂಬಿದಾಗ ಅಥವಾ ಹತ್ತನೇ ಕ್ಲಾಸು ಪಾಸಾದಾಗ, ಯಾವುದು ಮೊದಲೋ ಆಗ, ಓದಿಗಾಗಿ ಅರ್ಧದವರೆಗೆ ತೆಗೆಯಬಹುದು. ಹೋದ ವರ್ಷ ಹತ್ತನೇ ಮುಗಿಯಿತು, ನಾವು ಇನ್ನೂ ತೆಗೆದಿಲ್ಲ. ಡಿಗ್ರಿಗೆ ಇರಲಿ ಅಂತ. ನೆಂಟರು ಇದನ್ನು "ಲಗ್ನದ ರೊಕ್ಕ" ಅನ್ನುತ್ತಾರೆ. ನಮ್ಮ ಡೈರಿಯಲ್ಲಿ ಆ ಪುಟದ ಮೇಲೆ "ಡಿಗ್ರಿ" ಅಂತ ಬರೆದಿದೆ. ಹೆಸರು ಬರೆದಿಡುವುದು ಸಣ್ಣ ಕೆಲಸ. ಆದರೆ ಹೆಸರಿಲ್ಲದ ದುಡ್ಡಿಗೆ ಮನೆಯಲ್ಲಿ ಎಲ್ಲರೂ ಹೆಸರಿಡುತ್ತಾರೆ.

ಇನ್ನು ಆ 20,000. ಹತ್ತನೇ ಪರೀಕ್ಷೆ ಮುಗಿದ ವಾರವೇ ಒಂದು ಕೋಚಿಂಗ್‌ನವರು ಫೋನ್ ಮಾಡಿದರು. ಸೈನ್ಸು, ನೀಟ್, ಎರಡು ವರ್ಷದ ಪ್ಯಾಕೇಜು. ಈಗಲೇ ಸೀಟ್ ಬ್ಲಾಕ್ ಮಾಡಿದರೆ ಫೀಸಿನಲ್ಲಿ ರಿಯಾಯಿತಿ. ನಮ್ಮ ಕಡೆಯ ಮಕ್ಕಳು ಲಾತೂರಿಗೆ, ಹೈದರಾಬಾದಿಗೆ ಹೋಗುವುದನ್ನು ನೋಡಿದ್ದೆ, ಇದು ಊರಲ್ಲೇ ಇದೆಯಲ್ಲ ಅಂತ ಫೋನಿನಲ್ಲೇ 20,000 ಹಾಕಿದೆ. ಮನೆಗೆ ಬಂದು ಮಗಳಿಗೆ ಹೇಳಿದರೆ ಅವಳು ಅತ್ತಳು. ಅವಳಿಗೆ ಕಾಮರ್ಸ್ ಬೇಕಿತ್ತು. ಸಿಎ ಮಾಡಬೇಕಂತೆ. ಮುನೀಮನ ಮಗಳಿಗೆ ಲೆಕ್ಕ ಬೇಕು ಅನ್ನಿಸಿದ್ದರಲ್ಲಿ ಆಶ್ಚರ್ಯ ಏನಿದೆ? ನಾನು ಕೇಳಿರಲಿಲ್ಲ, ಅಷ್ಟೇ.

ದುಡ್ಡು ವಾಪಸ್ ಕೇಳಲು ಹೋದೆ. ರಶೀದಿ ಹಿಂದೆ ಸಣ್ಣ ಅಕ್ಷರದಲ್ಲಿ ನಾನ್ ರಿಫಂಡಬಲ್ ಅಂತ ಇತ್ತು. ನಾಲ್ಕು ಸಲ ಅಲೆದೆ, ಬಿಟ್ಟೆ. ಕೋಚಿಂಗ್ ಸೆಂಟರ್‌ಗಳಿಗೆ ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿದೆ. ಪೂರ್ತಿ ಫೀಸು ಕಟ್ಟಿದವರು ನಡುವೆ ಬಿಟ್ಟರೆ ಉಳಿದ ಅವಧಿಯ ದುಡ್ಡು ಹತ್ತು ದಿನದಲ್ಲಿ ಕೊಡಬೇಕು ಅಂತ ಅದರಲ್ಲಿದೆ. ನಾನು ಇದನ್ನು ಓದಿದ್ದು ದುಡ್ಡು ಹೋದ ಮೇಲೆ. ನೀವು ಮೊದಲೇ ಓದಿ, ವಾಪಸ್ ಕೊಡುವ ನಿಯಮ ಏನು ಅಂತ ಕಾಗದದ ಮೇಲೆ ಬರೆಸಿಕೊಂಡು ಆಮೇಲೆ ದುಡ್ಡು ಹಾಕಿ. ಅದಕ್ಕೂ ಮೊದಲು ಮಗುವನ್ನು ಕೇಳಿ. ಕೇಳಲು ದುಡ್ಡು ಬೇಕಾಗಿಲ್ಲ.

ಮಗಳು ಈಗ ಇಲ್ಲೇ ಪಿಯುಸಿ ಕಾಮರ್ಸ್ ಓದುತ್ತಿದ್ದಾಳೆ. ಮನೆ ಊಟ, ಮನೆಯಲ್ಲೇ ಇರುವುದು. ಡಿಗ್ರಿಗೂ ಇಲ್ಲೇ ಓದಲು ಒಂದು ಕಾರಣ ಇದೆ. ಸಂವಿಧಾನದ 371(ಜೆ) ಪ್ರಕಾರ ಕಲ್ಯಾಣ ಕರ್ನಾಟಕದ ಸಂಸ್ಥೆಗಳಲ್ಲಿ ನೂರಕ್ಕೆ 70 ಸೀಟು ನಮ್ಮ ಭಾಗದ ಮಕ್ಕಳಿಗೆ. ರಾಜ್ಯದ ಬೇರೆ ಕಡೆ ನೂರಕ್ಕೆ 8. ಮುಂದೆ ಸರ್ಕಾರಿ ಕೆಲಸದಲ್ಲೂ ಈ ಭಾಗದ ಗ್ರೂಪ್ ಸಿ ಹುದ್ದೆಗಳಲ್ಲಿ 80. ಇದಕ್ಕೆ ಸಹಾಯಕ ಆಯುಕ್ತರ ಕಚೇರಿಯ ಅರ್ಹತಾ ಪ್ರಮಾಣಪತ್ರ ಬೇಕು. ಅಡ್ಮಿಷನ್ ಸಮಯದಲ್ಲಿ ಅದಕ್ಕೆ ಓಡಾಡುವವರನ್ನು ನೋಡಿದರೆ ಅಯ್ಯೋ ಅನ್ನಿಸುತ್ತದೆ. ಹತ್ತನೇ ಕ್ಲಾಸಿನ ದಸರಾ ರಜೆಯಲ್ಲೇ ಮಾಡಿಸಿಡಿ. ಸರ್ಕಾರಿ ಕೋಟಾದ ಒಂದು ಸೀಟಿಗೂ ಬೆಂಗಳೂರಿನ ಮ್ಯಾನೇಜ್‌ಮೆಂಟ್ ಸೀಟಿಗೂ ಇರುವ ಅಂತರದಲ್ಲಿ ನಮ್ಮಂಥವರ ಮನೆ ಐದು ವರ್ಷ ನಡೆಯುತ್ತದೆ.

ಹೊಲ ಮಾರುವ ಮೊದಲು

ನನ್ನ ಡಿಗ್ರಿಗೆ ಅಪ್ಪ ಒಂದು ಎಕರೆ ಗಿರವಿ ಇಟ್ಟಿದ್ದ. ಅದು ವಾಪಸ್ ಬರಲಿಲ್ಲ. ಐದು ಎಕರೆ ನಾಲ್ಕಾಯಿತು. ಅವನಿಗೆ ಬೇರೆ ದಾರಿ ಗೊತ್ತಿರಲಿಲ್ಲ. ಈಗ ಬ್ಯಾಂಕಿನ ಶಿಕ್ಷಣ ಸಾಲ ಇದೆ, ಏಳೂವರೆ ಲಕ್ಷದವರೆಗೆ ಆಸ್ತಿ ಅಡ ಇಡದೆ ಸಿಗುತ್ತದೆ. ಓದು ಮುಗಿದು ಒಂದು ವರ್ಷದ ಮೇಲೆ ಕಂತು ಶುರು. ಓದುವಾಗಲೂ ಬಡ್ಡಿ ಬೆಳೆಯುತ್ತಿರುತ್ತದೆ, ಅದನ್ನು ಮರೆಯಬೇಡಿ. ಆಗುವುದಾದರೆ ಬಡ್ಡಿಯಷ್ಟನ್ನು ಆಗಾಗ ಕಟ್ಟುತ್ತಾ ಹೋಗಿ. ಸಾಲ ಮಗುವಿನ ಹೆಸರಲ್ಲಿ ಇರುತ್ತದೆ, ನಾವು ಜೊತೆ ಸಹಿ ಹಾಕುತ್ತೇವೆ. ಓದಿದ ಮಗು ಸಾಲ ತೀರಿಸಬಹುದು. ಅರವತ್ತು ದಾಟಿದ ಮೇಲೆ ನನಗೆ ಹೊಲ ಯಾರೂ ವಾಪಸ್ ಕೊಡಿಸುವುದಿಲ್ಲ.

ವಿಮೆ ಬಗ್ಗೆ ಎರಡೇ ಮಾತು. ಪ್ರಧಾನಮಂತ್ರಿ ಜೀವನಜ್ಯೋತಿ ಜೀವ ವಿಮೆ ವರ್ಷಕ್ಕೆ 436, ಸುರಕ್ಷಾ ಅಪಘಾತ ವಿಮೆ 20. ಎರಡಕ್ಕೂ ತಲಾ 2 ಲಕ್ಷ. ಮೇ ಕೊನೆಯಲ್ಲಿ ಖಾತೆಯಿಂದ ಕಡಿತ ಆಗುತ್ತದೆ, ಆಗ ಖಾತೆಯಲ್ಲಿ ಅಷ್ಟಾದರೂ ಇರಲಿ. ಮಗು ಹುಟ್ಟಿದಾಗ ಬೆಳ್ಳಿ ಲೋಟ ಕೊಡುವ ನೆಂಟರಿಗೆ ನಾನು ಇದನ್ನು ಹೇಳಿ ಬೈಸಿಕೊಂಡಿದ್ದೇನೆ.

ಡೈರಿ ಎಲ್ಲರ ಕೈಗೆ ಸಿಗುವಲ್ಲಿ ಇಡಿ

ಮೊದಲು ಡೈರಿಯನ್ನು ತಿಜೋರಿಯಲ್ಲಿ ಇಡುತ್ತಿದ್ದೆ. ಈಗ ಅಡುಗೆಮನೆ ಮಾಡದಲ್ಲಿ, ಉಪ್ಪಿನ ಡಬ್ಬಿ ಪಕ್ಕ ಇರುತ್ತದೆ. ಮಕ್ಕಳಿಗೆ ಮನೆಯ ದುಡ್ಡು ಗೊತ್ತಾಗಬಾರದು ಅಂತ ನಮ್ಮಪ್ಪನ ಕಾಲದವರು ಹೇಳುತ್ತಿದ್ದರು. ನನಗೆ ಹಾಗೆ ಅನ್ನಿಸುವುದಿಲ್ಲ. ಮಗ ಹೋದ ಜಾತ್ರೆಯಲ್ಲಿ ಕೊಟ್ಟ 100 ರೂಪಾಯಿಯಲ್ಲಿ 60 ಖರ್ಚು ಮಾಡಿ, 40ನ್ನು ತಾನೇ ಡೈರಿಯಲ್ಲಿ ಜಮಾ ಬರೆದ. ಬರೆದ ಮೇಲೆ ಅದನ್ನೂ ತಗೊಂಡು ಐಸ್‌ಕ್ರೀಮ್ ತಿಂದ, ಖರ್ಚು ಬರೆಯಲಿಲ್ಲ. ಪರವಾಗಿಲ್ಲ, ದೊಡ್ಡ ದೊಡ್ಡ ಅಂಗಡಿಗಳಲ್ಲೂ ಹೀಗೆ ಆಗುತ್ತದೆ.

ಈ ವರ್ಷದ ಹನ್ನೆರಡು ತಿಂಗಳ ಪಟ್ಟಿಯನ್ನು ಮಗಳೇ ಗೆರೆ ಎಳೆದು ಮಾಡಿದ್ದಾಳೆ. ತಮ್ಮನದೊಂದು ಕಾಲಂ, ತನ್ನದೊಂದು, ಹೊಲದ್ದೊಂದು. ಕೊನೆಗೆ ಇನ್ನೊಂದು ಸಣ್ಣ ಕಾಲಂ ಇತ್ತು. ಮೇಲೆ "ಅವ್ವ-ಅಪ್ಪ" ಅಂತ ಬರೆದಿದ್ದಳು. ಕೆಳಗೆ ಮಾರ್ಚ್ ಮನೆಯಲ್ಲಿ "ಅಪ್ಪನ ಕನ್ನಡಕ 1,800". ಎರಡು ವರ್ಷದಿಂದ ಹಳೇ ಕನ್ನಡಕದಲ್ಲೇ ಖಿರ್ದಿ ಬರೆಯುತ್ತಿದ್ದೇನೆ, ಅವಳು ನೋಡಿದ್ದಾಳೆ. ನಾನು ಮಾರ್ಚ್ ಹೊಡೆದುಹಾಕಿ ಫೆಬ್ರವರಿಗೆ ಬರೆದೆ. ಮಾರ್ಚ್‌ನಲ್ಲಿ ಜಾತ್ರೆ ಇದೆ.